ಒಣಗದ ಸೇತುವೆ: ಕಾರವಾರದ ಒಂದು ತೈಲಚಿತ್ರದ ಪ್ರಕರಣ

ಸೇತುವೆಯ ಕೆಳಗಿನ ಕಪ್ಪು ನೀರಿನಲ್ಲಿ ಅಕ್ಷರಗಳು ಕಾಣುತ್ತಿದ್ದವು. ಹತ್ತಿರ ಹೋಗಿ ನೋಡಿದೆ. ಅಚ್ಚಿನ ಕನ್ನಡ ಅಕ್ಷರಗಳು, ಕನ್ನಡಿಯಲ್ಲಿ ನೋಡಿದಂತೆ ತಿರುವುಮುರುವಾಗಿದ್ದವು. ಚಿತ್ರಕ್ಕೆ ಸುತ್ತಿದ್ದ ದಿನಪತ್ರಿಕೆ ಬಣ್ಣಕ್ಕೆ ಅಂಟಿಕೊಂಡಿತ್ತು. ಬಿಡಿಸುವಾಗ ಕಾಗದದ ನಾರು ಅಲ್ಲಲ್ಲಿ ಉಳಿದು, ಶಾಯಿ ನೀರಿನ ಮೇಲೆ ಇಳಿದಿತ್ತು. ಚಿತ್ರ ಮುಗಿದು ಆರು ವಾರ ಕಳೆದಿದ್ದವು. ಹೆಬ್ಬೆರಳು ಇಟ್ಟು ತೆಗೆದರೆ ಬೆರಳಚ್ಚು ಅಲ್ಲೇ ನಿಲ್ಲುತ್ತಿತ್ತು.

ಚಿತ್ರ ಬರೆದವಳು ಕೋಡಿಬಾಗದ ಹುಡುಗಿ. ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿ. ಈಗ ರಕ್ತಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ತಂತ್ರಜ್ಞೆ. 2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದ ಹೊತ್ತಿನಲ್ಲಿ, ಕಾಳಿ ನದಿಯ ಹಳೆಯ ಸೇತುವೆ ಕುಸಿದದ್ದು ಈ ಕಡೆಯವರೆಲ್ಲರಿಗೂ ನೆನಪಿದೆ. ನಾಲ್ಕು ದಶಕಗಳ ಆ ಸೇತುವೆಯ ಮೇಲೆ ಅವಳ ತಂದೆ ವರ್ಷಗಟ್ಟಲೆ ಸೈಕಲ್ಲಿನಲ್ಲಿ ಸದಾಶಿವಗಡಕ್ಕೆ ಹೋಗಿ ಬಂದವರು. ಮರುವರ್ಷ ಚೌತಿಯ ಹೊತ್ತಿಗೆ ಅಪ್ಪನಿಗೆ ಕೊಡಬೇಕೆಂದು ಅವಳು ಹಳೆಯ ಫೋಟೊಗಳನ್ನು ನೋಡಿ ಸೇತುವೆಯನ್ನು ಬರೆದಳು. ಎರಡಡಿ ಎತ್ತರ, ಮೂರಡಿ ಅಗಲದ ಕ್ಯಾನ್ವಾಸು. ಹಿಂದೆ ಗುಡ್ಡ, ಮೇಲೆ ಮೋಡ ಕವಿದ ಆಕಾಶ, ಮುಂದೆ ಕಂಬಗಳ ನೆರಳು ಬಿದ್ದ ನೀರು, ದಂಡೆಯಲ್ಲಿ ತೆಂಗಿನ ಮರಗಳು. ಚೌತಿ ಮುಗಿದ ಮೇಲೆ, ಸೆಪ್ಟೆಂಬರಿನಲ್ಲಿ, ರಿಕ್ಷಾದಲ್ಲಿಟ್ಟುಕೊಂಡು ಬಂದು ನನ್ನ ಜಗುಲಿಯ ಗೋಡೆಗೆ ಒರಗಿಸಿದಳು.

"ಮಾಸ್ತರರೇ, ಇದು ಇನ್ನು ಒಣಗುತ್ತದೆಯೇ?" ಎಂದಳು. ಕೇಳುವಾಗ ಅವಳ ಗಂಟಲು ಕಟ್ಟಿತ್ತು.

ನಾನು ಕೊಟ್ಟ ಮೊದಲ ಉತ್ತರ ತಪ್ಪಾಗಿತ್ತು. ಈ ಪ್ರಕರಣವನ್ನು ಬರೆದಿಡಲು ಅದೂ ಒಂದು ಕಾರಣ. "ಮಳೆಗಾಲವಲ್ಲವೇ ತಂಗಿ, ಬಿಸಿಲು ಕಂಡಾಗ ಹೊರಗಿಡು, ತಾನಾಗಿ ಒಣಗುತ್ತದೆ" ಎಂದೆ. ಕರಾವಳಿಯಲ್ಲಿ ತೈಲವರ್ಣದ ಯಾವ ತೊಂದರೆಗೂ ನಾವು ಮೊದಲು ಮಳೆಯನ್ನು ದೂರುತ್ತೇವೆ. ಅವಳು ಮೂರು ದಿನ ಬಿಸಿಲು ಬಂದಾಗಲೆಲ್ಲ ಚಿತ್ರವನ್ನು ಅಂಗಳದಲ್ಲಿಟ್ಟಳು. ನಾಲ್ಕನೆಯ ದಿನ ಫೋನ್ ಬಂತು. ನೋಡಲು ಹೋದೆ. ಸೇತುವೆಯ ಎರಡನೆಯ ಕಂಬದ ಬುಡದಲ್ಲಿ ಬಣ್ಣ ದಪ್ಪಗಿದ್ದ ಕಡೆ, ಕಾಯಿಸಿದ ಹಾಲಿನ ಕೆನೆ ಸುಕ್ಕುಗಟ್ಟುವಂತೆ ಮೇಲ್ಪದರ ಸುಕ್ಕುಗಟ್ಟಿತ್ತು. ಸೂಜಿಯಿಂದ ಸುಕ್ಕನ್ನು ಚುಚ್ಚಿದರೆ ಒಳಗಿನ ಬಣ್ಣ ಟ್ಯೂಬಿನಿಂದ ಈಗಷ್ಟೇ ಬಂದಂತೆ ಹಸಿಯಾಗಿತ್ತು.

ತೈಲವರ್ಣ ಬಟ್ಟೆ ಒಣಗಿದಂತೆ ಒಣಗುವುದಿಲ್ಲ. ಬಟ್ಟೆಯಿಂದ ನೀರು ಹೊರಟುಹೋಗುತ್ತದೆ. ಅಗಸೆ ಎಣ್ಣೆಯಿಂದ ಹೊರಟುಹೋಗುವುದು ಬಹಳ ಕಡಿಮೆ. ಅದು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ಅಣು ಅಣುವಿಗೆ ಕೊಂಡಿ ಹಾಕಿಕೊಂಡು, ದ್ರವದಿಂದ ಗಟ್ಟಿ ಪೊರೆಯಾಗುತ್ತದೆ. ಈ ಹೊತ್ತಿನಲ್ಲಿ ಎಣ್ಣೆಯ ತೂಕ ಇಳಿಯುವ ಬದಲು ಮೊದಲು ಏರುತ್ತದೆ. ಬಿಸಿಲಿಗಿಟ್ಟಾಗ ಗಾಳಿಗೆ ತೆರೆದ ಮೇಲ್ಪದರ ಮಾತ್ರ ಬೇಗ ಗಟ್ಟಿಯಾಯಿತು, ಹಿಗ್ಗಿತು, ಕೆಳಗೆ ಹಸಿ ಇದ್ದುದರಿಂದ ಹಿಡಿತವಿಲ್ಲದೆ ಸುಕ್ಕಾಯಿತು. ಸಾಲದ್ದಕ್ಕೆ ಆ ಪೊರೆಯೇ ಒಳಗಿನ ಬಣ್ಣಕ್ಕೆ ಗಾಳಿ ಹೋಗದಂತೆ ಮುಚ್ಚಳವಾಯಿತು.

ನಮ್ಮ ಜಿಲ್ಲೆಯವರಿಗೆ ಇದನ್ನು ಅರ್ಥಮಾಡಿಸಲು ಗೋಡೆಯ ಉದಾಹರಣೆ ಕೊಡುವುದು ನನ್ನ ರೂಢಿ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರಗಳನ್ನು ನೋಡಿದವರು ಬಹಳ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಗೀರಿ, ಒಳಗಿನ ಬಿಳುಪನ್ನು ಹೊರತರುವ ಕಲೆ ಅದು. ಆ ಸುಣ್ಣ ಕಲ್ಲಾಗುವುದು ನೀರು ಆರಿದ್ದರಿಂದ ಮಾತ್ರವಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ತೆಗೆದುಕೊಂಡು ಅದು ಮತ್ತೆ ಸುಣ್ಣದ ಕಲ್ಲಾಗುತ್ತದೆ. ಸುಣ್ಣವೂ ಅಗಸೆ ಎಣ್ಣೆಯೂ ಗಾಳಿಯನ್ನು ಉಂಡೇ ಗಟ್ಟಿಯಾಗುವಂಥವು. ಹಾಗಿದ್ದರೆ ಈ ಹುಡುಗಿಯ ಬಣ್ಣ ಗಾಳಿಯನ್ನು ಏಕೆ ಉಣ್ಣುತ್ತಿಲ್ಲ?

ಮಳೆಯ ಮೇಲಿನ ಆರೋಪ ನಿಲ್ಲಲಿಲ್ಲ

ಎರಡನೆಯ ಸಲ ಚಿತ್ರವನ್ನು ಹಗಲು ಬೆಳಕಿನಲ್ಲಿ ಅಂಗುಲ ಅಂಗುಲವಾಗಿ ಮುಟ್ಟಿ ನೋಡಿದೆವು. ಆಕಾಶ ಒಣಗಿತ್ತು. ಗುಡ್ಡ ಉಗುರಿಗೂ ಜಗ್ಗದಷ್ಟು ಗಟ್ಟಿಯಾಗಿತ್ತು. ಅಂಟಂಟಾಗಿದ್ದದ್ದು ಸೇತುವೆ, ನೀರು, ತೆಂಗಿನ ಮರಗಳು ಮಾತ್ರ. ಗುಡ್ಡದ ಬುಡಕ್ಕೆ ನೀರು ತಾಗುವ ಕಡೆ ಒಣಗಿದ್ದಕ್ಕೂ ಹಸಿಗೂ ನಡುವೆ ಗೆರೆ ಎಳೆದಂತಿತ್ತು. ಒಂದೇ ಕೋಣೆಯಲ್ಲಿ, ಒಂದೇ ಗಾಳಿಯಲ್ಲಿ ನಿಂತ ಕ್ಯಾನ್ವಾಸಿನ ಅರ್ಧ ಒಣಗಿ ಅರ್ಧ ಒಣಗದಿದ್ದರೆ ಕಾರಣವನ್ನು ಗಾಳಿಯಲ್ಲಿ ಹುಡುಕಿ ಪ್ರಯೋಜನವಿಲ್ಲ, ಬಣ್ಣದಲ್ಲೇ ಹುಡುಕಬೇಕು.

ವರ್ಣದ್ರವ್ಯಗಳ ಸ್ವಭಾವ ಒಂದಷ್ಟು ಉತ್ತರ ಕೊಟ್ಟಿತು. ಗುಡ್ಡಕ್ಕೆ ಅವಳು ಹೆಚ್ಚಾಗಿ ಬಳಸಿದ್ದು ಬರ್ನ್ಟ್ ಅಂಬರ್ ಎಂಬ ಕಂದು ಬಣ್ಣ. ಅಂಬರ್ ಮಣ್ಣಿನಲ್ಲಿ ಮ್ಯಾಂಗನೀಸ್ ಇರುತ್ತದೆ, ಅದು ಎಣ್ಣೆಯನ್ನು ಬೇಗ ಒಣಗಿಸುತ್ತದೆ. ನೀರಿನ ಕಪ್ಪಿಗೆ ಬಳಸಿದ್ದು ಐವರಿ ಬ್ಲ್ಯಾಕ್ ಎಂಬ ಕಪ್ಪು ಮತ್ತು ಅಲಿಝರಿನ್ ಕ್ರಿಮ್ಸನ್ ಎಂಬ ಕಡುಗೆಂಪು. ಇವೆರಡೂ ನಿಧಾನಕ್ಕೆ ಹೆಸರಾದವು. ಆದರೆ ನಿಧಾನವೆಂದರೆ ಎರಡು ವಾರ, ಮಳೆಗಾಲದಲ್ಲಿ ಮೂರು. ಆರೇಳು ವಾರದ ಲೆಕ್ಕಕ್ಕೆ ಅದು ಸಾಲುವುದಿಲ್ಲ.

ಇಲ್ಲಿ ಅವಳ ಕಸುಬು ನೆರವಿಗೆ ಬಂತು. ದಿನವಿಡೀ ಮಾದರಿಗಳಿಗೆ ಚೀಟಿ ಅಂಟಿಸುವವಳು ಚಿತ್ರಕ್ಕೂ ಒಂದು ನೋಟ್‌ಬುಕ್ ಇಟ್ಟಿದ್ದಳು. ಏಪ್ರಿಲ್ ಕೊನೆಯಲ್ಲಿ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಬಳಿದ ಅಂಬರ್ ತಳಪದರ. ಮೇ ತಿಂಗಳಲ್ಲಿ ಆಕಾಶ, ಗುಡ್ಡ. ಜೂನ್ ಎರಡನೆಯ ವಾರದಿಂದ ಉಳಿದದ್ದು. ಜುಲೈ ಕೊನೆಯಲ್ಲಿ ಸಹಿ. ಜೂನ್ ತಿಂಗಳ ಪುಟದಲ್ಲಿ, ಬಣ್ಣ ಸರಾಗವಾಗಿ ಹರಿಯಲೆಂದು ಬೆರೆಸುವ ಎಣ್ಣೆಯ ಮಿಶ್ರಣವಾದ ಮೀಡಿಯಂ ಬಗ್ಗೆ ಒಂದು ಸಾಲು: "ಮೀಡಿಯಮ್ಮಿಗೆ ಲವಂಗದ ಎಣ್ಣೆ, ಬಟ್ಟಲಿಗೆ 4 ಹನಿ."

ಏಕೆಂದು ಕೇಳಿದೆ. ಹಿಂದಿನ ಮಳೆಗಾಲದಲ್ಲಿ ಇನ್ನೊಂದು ಕ್ಯಾನ್ವಾಸಿನ ಬೆನ್ನಿಗೆ ಬೂಷ್ಟು ಹಿಡಿದಿತ್ತಂತೆ. ಲವಂಗದೆಣ್ಣೆ ಬೂಷ್ಟನ್ನು ಕೊಲ್ಲುತ್ತದೆ ಎಂದು ಯಾರೋ ಹೇಳಿದ್ದರು. ಔಷಧದ ಅಂಗಡಿಯಿಂದ ಹಲ್ಲುನೋವಿಗೆ ಹಚ್ಚುವ ಚಿಕ್ಕ ಶೀಶೆ ತಂದು ಬಳಸಿದ್ದಳು. ಹೇಳಿದ ಮಾತು ಸುಳ್ಳೇನಲ್ಲ, ಲವಂಗದ ಎಣ್ಣೆಗೆ ಬೂಷ್ಟನ್ನು ತಡೆಯುವ ಗುಣವಿದೆ. ಆದರೆ ಅದರ ಮುಖ್ಯ ಅಂಶವಾದ ಯೂಜೆನಾಲ್ ಎಣ್ಣೆ ಮತ್ತು ಆಮ್ಲಜನಕ ಕೂಡುವುದಕ್ಕೇ ಅಡ್ಡ ನಿಲ್ಲುತ್ತದೆ. ಪ್ಯಾಲೆಟ್ಟಿನ ಬಣ್ಣ ಹಲವು ದಿನ ಹಸಿಯಾಗಿರಲಿ ಎಂದು ಬಯಸುವ ಚಿತ್ರಕಾರರು ಅದನ್ನು ಬೇಕೆಂದೇ ಒಂದು ಹನಿ ಸೇರಿಸುತ್ತಾರೆ. ಬೂಷ್ಟಿಗೆ ಮದ್ದು ಬೇರೆಯೇ ಇದೆ: ಚಿತ್ರವನ್ನು ಒದ್ದೆ ಗೋಡೆಗೆ ಒತ್ತಿ ನೇತುಹಾಕದೆ ಹಿಂದೆ ಎರಡು ಬೆರಳಗಲ ಬಿಟ್ಟು ಗಾಳಿಯಾಡಲು ಬಿಡಬೇಕು. ಬೂಷ್ಟು ಹಿಡಿದದ್ದು ಬಟ್ಟೆಯ ಬೆನ್ನಿಗೆ, ಮದ್ದು ಬಿದ್ದದ್ದು ಬಣ್ಣದ ಹೊಟ್ಟೆಗೆ.

ಕಾರಣ ಸಿಕ್ಕಿತು ಎಂದು ನನಗೆ ಸಮಾಧಾನವಾಯಿತು. ಆದರೂ ಒಂದು ವಿಷಯ ಕೊರೆಯುತ್ತಿತ್ತು. ತೆಂಗಿನ ಗರಿಗಳ ತುದಿಗೆ ಅವಳು ಮೀಡಿಯಮ್ಮನ್ನೇ ಬಳಸಿರಲಿಲ್ಲ, ಟ್ಯೂಬಿನ ಬಣ್ಣವನ್ನು ನೇರವಾಗಿ ಇಟ್ಟಿದ್ದಳು. ಅದೂ ಅಂಟುತ್ತಿತ್ತು. ಲವಂಗ ಅಲ್ಲಿಗೆ ಹೋಗಿರಲು ಸಾಧ್ಯವಿರಲಿಲ್ಲ.

ಬಚ್ಚಲ ಕಟ್ಟೆಯ ಬಾಟಲಿ

ಅವಳು ಚಿತ್ರ ಬರೆಯುವ ಹಿಂಗೋಣೆಗೆ ಹೋಗಿ ಕುಳಿತೆ. ಆಕಾಶ ಬರೆದ ಅಗಲ ಬ್ರಷ್ಷು ಕಿಟಕಿಯ ಮೇಲೆ ಒಣಗಿ ನಿಂತಿತ್ತು. ಸೇತುವೆ ಬರೆದ ಚಿಕ್ಕ ಬ್ರಷ್ಷುಗಳು ನುಣುಪಾಗಿ, ಮೃದುವಾಗಿ, ಈಗಷ್ಟೇ ಎಣ್ಣೆ ಹಚ್ಚಿ ಬಾಚಿದ ತಲೆಗೂದಲಿನ ಹಾಗಿದ್ದವು. ಒಂದನ್ನು ಎತ್ತಿ ಬಿಳಿ ಕಾಗದದ ಮೇಲೆ ಒತ್ತಿದೆ. ಕಾಗದದಲ್ಲಿ ಜಿಡ್ಡಿನ ಕಲೆ ಮೂಡಿತು. ಮೂಗಿಗೆ ಹಿಡಿದರೆ ತೆಂಗಿನೆಣ್ಣೆಯ ವಾಸನೆ.

"ಬಣ್ಣಕ್ಕೆ ಹಾಕಿಲ್ಲ ಮಾಸ್ತರರೇ" ಎಂದಳು. "ಮಳೆಯಲ್ಲಿ ಕಿಟಕಿ ಮುಚ್ಚಿಕೊಂಡಿರುತ್ತೇವೆ, ಟರ್ಪೆಂಟೈನ್ ವಾಸನೆಗೆ ಅಪ್ಪನಿಗೆ ಕೆಮ್ಮು ಬರುತ್ತದೆ. ಅದಕ್ಕೇ ಜೂನಿನಿಂದ ರಾತ್ರಿ ಬ್ರಷ್ ತೊಳೆಯುವುದನ್ನು ಬಚ್ಚಲ ಕಟ್ಟೆಯ ಮೇಲಿನ ತೆಂಗಿನೆಣ್ಣೆಯಲ್ಲಿ ಮಾಡಿದೆ. ಬಟ್ಟೆಯಲ್ಲಿ ಚೆನ್ನಾಗಿಯೇ ಒರೆಸಿ ಇಡುತ್ತೇನೆ."

ಸೋಪು ಹಚ್ಚಿ ತೊಳೆದಿರಲಿಲ್ಲ. ಬ್ರಷ್ಷಿನ ಲೋಹದ ಕೊರಳಿನೊಳಗೆ, ಕೂದಲಿನ ಬುಡದಲ್ಲಿ, ಎಷ್ಟು ಒರೆಸಿದರೂ ಎಣ್ಣೆ ಉಳಿಯುತ್ತದೆ. ಮಾರನೆಯ ದಿನ ಬಣ್ಣಕ್ಕೆ ಅದ್ದಿದಾಗ ಅದು ಇಳಿದು ಬರುತ್ತದೆ. ಹೀಗೆ ದಿನಾ ಸಂಜೆ ಸ್ವಲ್ಪ ಸ್ವಲ್ಪವಾಗಿ ಸುಮಾರು ಆರು ವಾರ ಅವಳ ಸೇತುವೆಗೆ ತೆಂಗಿನೆಣ್ಣೆ ಸೇರಿತ್ತು.

ಎಲ್ಲ ಎಣ್ಣೆಯೂ ಒಣಗುವ ಎಣ್ಣೆಯಲ್ಲ. ಇದನ್ನು ನಮ್ಮ ಅಡುಗೆಮನೆಯೇ ತೋರಿಸುತ್ತದೆ. ಸೂರ್ಯಕಾಂತಿ ಎಣ್ಣೆಯ ಡಬ್ಬಿಯ ಹೊರಮೈಯಲ್ಲಿ ಸೋರಿದ ಎಣ್ಣೆ ಕೆಲವು ತಿಂಗಳಲ್ಲಿ ಹಳದಿ ಅಂಟಾಗಿ ಬೆರಳಿಗೆ ಹತ್ತುತ್ತದೆ. ತಲೆಗೆ ಹಚ್ಚುವ ತೆಂಗಿನೆಣ್ಣೆಯ ಬಾಟಲಿ ವರ್ಷ ಕಳೆದರೂ ಜಿಡ್ಡಾಗಿಯೇ ಇರುತ್ತದೆ. ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಆಮ್ಲಜನಕ ಬಂದು ಕೂರಲು ದ್ವಿಬಂಧಗಳು, ಅಂದರೆ ಇಂಗಾಲದ ಪರಮಾಣುಗಳ ನಡುವಿನ ಜೋಡಿ ಕೊಂಡಿಗಳು, ಇರಬೇಕು. ಎಷ್ಟಿವೆ ಎಂಬುದನ್ನು ಅಯೋಡಿನ್ ಸಂಖ್ಯೆಯಿಂದ ಅಳೆಯುತ್ತಾರೆ, ಸಂಖ್ಯೆ ಹೆಚ್ಚಿದ್ದರೆ ದ್ವಿಬಂಧಗಳೂ ಹೆಚ್ಚು. ಅಗಸೆಗೆ ಇದು 170ರಿಂದ 200. ನಮ್ಮ ಬಯಲುಸೀಮೆಯ ಕುಸುಬೆಗೆ 140ರ ಮೇಲೆ, ಹಾಗಾಗಿ ಅದೂ ಒಣಗುತ್ತದೆ, ತುಸು ನಿಧಾನ, ಆದರೆ ಹಳದಿಯಾಗುವುದು ಕಡಿಮೆ. ಬಿಳಿ ಬಣ್ಣದ ಎಷ್ಟೋ ಟ್ಯೂಬುಗಳಲ್ಲಿ ಇರುವುದು ಅದೇ ಎಣ್ಣೆ. ಶೇಂಗಾ ಎಣ್ಣೆ 100ರ ಆಸುಪಾಸು, ಒಣಗುವುದಿಲ್ಲ. ತೆಂಗಿನೆಣ್ಣೆ 10ರ ಆಸುಪಾಸು. ಅದು ಎಂದಿಗೂ ಒಣಗುವುದಿಲ್ಲ.

ಶಿರಸಿ ಕಡೆಯ ಓದುಗರು, ಚಳಿಗಾಲದ ಬೆಳಿಗ್ಗೆ ತೆಂಗಿನೆಣ್ಣೆ ಕಲ್ಲಿನಂತಾಗುತ್ತದಲ್ಲ ಎಂದು ಕೇಳಬಹುದು. ಅದು ಹೆಪ್ಪುಗಟ್ಟುವುದು. ಬಾಟಲಿಯನ್ನು ಬಿಸಿಲಿಗಿಟ್ಟರೆ ಮತ್ತೆ ಕರಗುತ್ತದೆ. ಒಮ್ಮೆ ಒಣಗಿದ ಅಗಸೆ ಎಣ್ಣೆ ಯಾವ ಬಿಸಿಲಿಗೂ ಮತ್ತೆ ಎಣ್ಣೆಯಾಗದು. ಹಲಸಿನಕಾಯಿ ಕೊಯ್ಯುವ ಮುಂಚೆ ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಳ್ಳುವುದು ನಮಗೆ ಯಾರೂ ಕಲಿಸಬೇಕಿಲ್ಲ. ಮೇಣ ಹಿಡಿಯದಿರಲಿ ಎಂದು ನಾವು ಬಳಸುವ ಎಣ್ಣೆಯನ್ನೇ ಅವಳು, ಹಿಡಿದು ನಿಲ್ಲಬೇಕಾದ ಬಣ್ಣದೊಳಗೆ ಬಿಟ್ಟಿದ್ದಳು.

ಅದೇ ದಿನ ಇನ್ನೊಂದನ್ನು ಕಂಡು ಎದೆ ಧಸಕ್ಕೆಂದಿತು. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳ ಮುದ್ದೆ ಮೆಟ್ಟಿಲಿನ ಕೆಳಗೆ, ಒಣ ತೆಂಗಿನ ಗರಿಗಳ ಪಕ್ಕದಲ್ಲಿತ್ತು. ಅಗಸೆ ಎಣ್ಣೆ ಆಮ್ಲಜನಕ ಹೀರುವಾಗ ಬಿಸಿ ಹುಟ್ಟುತ್ತದೆ. ಹರಡಿದ ಬಟ್ಟೆಯಲ್ಲಿ ಆ ಬಿಸಿ ಗಾಳಿಗೆ ಹೋಗುತ್ತದೆ, ಮುದ್ದೆಯಲ್ಲಿ ಒಳಗೇ ಕೂಡಿಕೊಂಡು ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಚಿತ್ರದ ಮಾತು ಬಿಟ್ಟು ಮೊದಲು ಆ ಬಟ್ಟೆಗಳನ್ನು ನೀರು ತುಂಬಿದ ತಗಡಿನ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದೆವು. ತೈಲವರ್ಣ ಬಳಸುವ ಮನೆಯಲ್ಲಿ ಆ ಡಬ್ಬಿ ಇರಲೇಬೇಕು.

ಗಾಜಿನ ಪಟ್ಟಿಗಳು

ಈಗ ಸಂಶಯಿತರು ಮೂವರು: ಮಳೆಯ ತೇವ, ಲವಂಗ, ತೆಂಗಿನೆಣ್ಣೆ. ಯಾರದು ಎಷ್ಟು ಪಾಲು ಎಂದು ತಿಳಿಯದೆ ಚಿತ್ರಕ್ಕೆ ಕೈಹಾಕುವಂತಿರಲಿಲ್ಲ. ಲವಂಗವೊಂದೇ ಆಗಿದ್ದರೆ ಕಾಯಬಹುದು. ಯೂಜೆನಾಲ್ ಕ್ರಮೇಣ ಆವಿಯಾಗಿ, ಖರ್ಚಾಗಿ ಹೋಗುತ್ತದೆ, ಬಣ್ಣ ತಡವಾಗಿಯಾದರೂ ಗಟ್ಟಿಯಾಗುತ್ತದೆ. ತೆಂಗಿನೆಣ್ಣೆಯಾದರೆ ಕಾದು ಫಲವಿಲ್ಲ.

ಪ್ರಯೋಗಾಲಯದಲ್ಲಿ ಬಳಸುವಂಥ ಗಾಜಿನ ಸ್ಲೈಡುಗಳ ಒಂದು ಪೆಟ್ಟಿಗೆಯನ್ನು ಅವಳು ಕೊಂಡು ತಂದಳು. ನೀರಿಗೆ ಬಳಸಿದ ಅದೇ ಕಪ್ಪು ಮಿಶ್ರಣವನ್ನು ಬಟಾಣಿಯಷ್ಟು ತೆಗೆದುಕೊಂಡು, ಒಂದೇ ಪ್ಯಾಲೆಟ್ ನೈಫಿನಿಂದ ಒಂದೇ ದಪ್ಪಕ್ಕೆ ಎಳೆದೆವು. ಮೊದಲನೆಯದು ಬರಿ ಬಣ್ಣ. ಎರಡನೆಯದಕ್ಕೆ ಒಂದು ಹನಿ ಅಗಸೆ ಎಣ್ಣೆ. ಮೂರನೆಯದಕ್ಕೆ ಅಗಸೆಯ ಜೊತೆ ಲವಂಗ, ಅವಳ ಬಟ್ಟಲಿನ ಪ್ರಮಾಣದಲ್ಲೇ. ನಾಲ್ಕನೆಯದನ್ನು ಅಗಸೆ ಬೆರೆಸಿ, ತೆಂಗಿನೆಣ್ಣೆಯಲ್ಲಿ ಅದ್ದಿ ಬಟ್ಟೆಯಲ್ಲಿ ಒರೆಸಿದ ಬ್ರಷ್ಷಿನಿಂದ ಕಲಸಿದೆವು. ಐದನೆಯದರಲ್ಲಿ ಲವಂಗ, ತೆಂಗು ಎರಡೂ. ಇಂಥದ್ದೇ ಎರಡು ಜೊತೆ ಮಾಡಿ, ಒಂದನ್ನು ಅವಳ ಮುಚ್ಚಿದ ಹಿಂಗೋಣೆಯಲ್ಲಿ, ಇನ್ನೊಂದನ್ನು ನನ್ನ ಮನೆಯ ಮಾಡಿನ ಕೆಳಗಿನ ಬೆಳಕಿನ ಕಿಟಕಿಯಲ್ಲಿ ಇಟ್ಟೆವು. ದಿನಾ ಸಂಜೆ ಮೂಲೆಯಲ್ಲಿ ಒಮ್ಮೆ ಮಾತ್ರ ಬೆರಳು ತಾಗಿಸಿ ಬರೆದುಕೊಳ್ಳುವುದು ಎಂದು ಕರಾರು.

ಬರಿ ಬಣ್ಣ ನನ್ನ ಕಿಟಕಿಯಲ್ಲಿ 11 ದಿನಕ್ಕೆ ಬೆರಳಿಗೆ ಹತ್ತದಾಯಿತು, ಅವಳ ಕೋಣೆಯಲ್ಲಿ 16 ದಿನಕ್ಕೆ. ಅಗಸೆ ಹಾಕಿದ್ದು 13 ಮತ್ತು 19. ಮಳೆಯ ತೇವ ಮತ್ತು ಕತ್ತಲು ಸೇರಿ ಹೆಚ್ಚೆಂದರೆ ಒಂದು ಪಟ್ಟನ್ನು ಒಂದೂವರೆ ಪಟ್ಟು ಮಾಡಿದ್ದವು. ಲವಂಗದ ಸ್ಲೈಡು ನನ್ನಲ್ಲಿ 34ನೆಯ ದಿನ ಒಣಗಿತು, ಅವಳಲ್ಲಿ 40 ಕಳೆದರೂ ಮೆತ್ತಗಿತ್ತು. ತೆಂಗಿನೆಣ್ಣೆಯದು ವಿಚಿತ್ರವಾಗಿ ನಡೆದುಕೊಂಡಿತು. 24ನೆಯ ದಿನದ ಸುಮಾರಿಗೆ ಮೇಲೆ ಪೊರೆ ಬಂದಂತೆ ಕಂಡು ನಮ್ಮನ್ನು ಮೋಸಗೊಳಿಸಿತು. ಒತ್ತಿದರೆ ಇಡೀ ಪೊರೆ ಬೆರಳಿನ ಜೊತೆ ಜಾರಿ ಬಂತು. ಎರಡೂ ಬೆರೆತ ಐದನೆಯದು 40ನೆಯ ದಿನ ಮೊದಲ ದಿನದಂತೆಯೇ ಇತ್ತು. ಗಾಜು ಎಣ್ಣೆ ಹೀರುವುದಿಲ್ಲ, ಕ್ಯಾನ್ವಾಸು ತುಸು ಹೀರುತ್ತದೆ. ಹಾಗಾಗಿ ಈ ದಿನಗಳ ಎಣಿಕೆಯನ್ನು ಯಾರೂ ತಮ್ಮ ಚಿತ್ರಕ್ಕೆ ಹಾಗೇ ಅನ್ವಯಿಸಬಾರದು. ನಮಗೆ ಬೇಕಿದ್ದದ್ದು ಯಾವುದು ಯಾವುದಕ್ಕಿಂತ ಕೆಟ್ಟದ್ದು ಎಂಬ ಸಾಲು. ಅದು ಸಿಕ್ಕಿತು.

ಕೆರೆದು ತೆಗೆಯುವ ತೀರ್ಮಾನ

ದೀಪಾವಳಿ ಕಳೆದ ಮೇಲೆ ಕುಳಿತು ಮಾತಾಡಿದೆವು. ಅವಳ ಸಹೋದ್ಯೋಗಿಯೊಬ್ಬರು, ಬೇಗ ಒಣಗುವ ಆಲ್ಕಿಡ್ ಮೀಡಿಯಂ ಬೆರೆಸಿ ಮೇಲೊಂದು ಪದರ ಬಳಿದುಬಿಡಿ, ಅಂಟು ಮುಚ್ಚಿಹೋಗುತ್ತದೆ ಎಂದಿದ್ದರು. ನಾನು ಖಡಾಖಂಡಿತವಾಗಿ ಬೇಡವೆಂದೆ. ತೈಲಚಿತ್ರದಲ್ಲಿ ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲೆ ಹೋದಂತೆ ಸ್ವಲ್ಪ ಸ್ವಲ್ಪ ಹೆಚ್ಚು ಎಂಬ ಹಳೆಯ ಕ್ರಮಕ್ಕೆ ಕಾರಣವಿದೆ. ಕೆಳಗಿನದು ಇನ್ನೂ ಜರುಗುತ್ತಿರುವಾಗ ಮೇಲಿನದು ಗಟ್ಟಿಯಾದರೆ ಮೇಲಿನದು ಒಡೆಯುತ್ತದೆ. ಎಂದೂ ಒಣಗದ ಪದರದ ಮೇಲೆ ಒಂದೇ ದಿನದಲ್ಲಿ ಒಣಗುವ ಪದರ ಎಂದರೆ ಕೆಸರಿನ ಮೇಲೆ ಹೆಂಚು ಹಾಸಿದ ಹಾಗೆ.

ಉಳಿದದ್ದು ಒಂದೇ ದಾರಿ, ಅಂಟಿದ ಭಾಗವನ್ನು ಪೂರ್ತಿ ತೆಗೆಯುವುದು. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ "ಸೇತುವೆ ಎರಡನೆಯ ಸಲ ಬಿದ್ದಂತಾಯಿತು" ಎಂದಳು. ನನ್ನ ಬಳಿ ಮಾತಿರಲಿಲ್ಲ.

ನವೆಂಬರಿನ ಎರಡು ಭಾನುವಾರ ಕೆಲಸ ನಡೆಯಿತು. ಕ್ಯಾನ್ವಾಸಿನ ಹಿಂದೆ ದಪ್ಪ ರಟ್ಟು ಕೊಟ್ಟು, ಮಲಗಿಸಿ, ಪ್ಯಾಲೆಟ್ ನೈಫನ್ನು ಸಪಾಟಾಗಿ ಹಿಡಿದು ದೂಡಿದರೆ ಬಣ್ಣ ಹಲಸಿನ ಮೇಣದಂತೆ ಎಳೆ ಎಳೆಯಾಗಿ ಎದ್ದುಬರುತ್ತಿತ್ತು. ಕಂಬಗಳು ಹೋದವು, ನೆರಳು ಹೋಯಿತು, ಪತ್ರಿಕೆಯ ಅಕ್ಷರಗಳು ಹೋದವು. ಅದರಡಿಯಲ್ಲಿ ಏಪ್ರಿಲಿನಲ್ಲಿ ಬಳಿದ ಅಂಬರ್ ತಳಪದರ ಗಟ್ಟಿಯಾಗಿ, ಮಾಸದೆ, ಪೆನ್ಸಿಲ್ ಗೆರೆಗಳ ಸಮೇತ ಕಾದಿತ್ತು. ತೆಂಗಿನೆಣ್ಣೆ ಬರುವ ಮೊದಲೇ, ಬರಿ ಟರ್ಪೆಂಟೈನಿನಲ್ಲಿ ತೆಳ್ಳಗೆ ಬಳಿದದ್ದು ಅವಳ ಸೇತುವೆಯನ್ನು ಉಳಿಸಿತು. ನೈಫ್ ಮುಟ್ಟದ ಜಿಡ್ಡನ್ನು ಟರ್ಪೆಂಟೈನಿನಲ್ಲಿ ತುಸುವೇ ಒದ್ದೆ ಮಾಡಿದ ಹತ್ತಿಯಿಂದ ಒಂದೇ ಸಲ ಒರೆಸಿ ಬಿಟ್ಟೆವು. ಉಜ್ಜುತ್ತ ಕುಳಿತರೆ ಏಳು ತಿಂಗಳ ಎಳೆಯ ತಳಪದರವೂ ಊದಿ ಎದ್ದುಬರುತ್ತದೆ. ಹತ್ತಿ ಕಂದು ಬಣ್ಣಕ್ಕೆ ತಿರುಗಿದ ಕ್ಷಣ ಕೈ ನಿಲ್ಲಬೇಕು. ಕಿಟಕಿಗಳನ್ನೆಲ್ಲ ತೆರೆದಿಟ್ಟು, ಅವಳ ತಂದೆಯನ್ನು ಆ ಎರಡು ದಿನ ಅವರ ತಂಗಿಯ ಮನೆಗೆ ಕಳಿಸಿದ್ದೆವು.

ಆಕಾಶದ ಬಿಳುಪು ಪತ್ರಿಕೆಯೊಳಗಿನ ಕತ್ತಲಲ್ಲಿ ಸ್ವಲ್ಪ ಹಳದಿಯಾಗಿತ್ತು. ಅದನ್ನು ಮುಟ್ಟಲಿಲ್ಲ. ಅಗಸೆ ಎಣ್ಣೆ ಕತ್ತಲಲ್ಲಿ ಹಳದಿಯಾಗುತ್ತದೆ, ಬೆಳಕಿಗೆ ಬಂದರೆ ಬಹುಮಟ್ಟಿಗೆ ತಿಳಿಯಾಗುತ್ತದೆ. ಕೆಲವು ವಾರಗಳಲ್ಲಿ ತಿಳಿಯಾಯಿತು.

ಡಿಸೆಂಬರಿನಲ್ಲಿ ಅವಳು ಹೊಸ ಬ್ರಷ್ಷುಗಳಿಂದ ಮತ್ತೆ ಬರೆದಳು. ಮೊದಲ ಪದರಕ್ಕೆ ಒಂದು ಪಾಲು ಅಗಸೆ ಎಣ್ಣೆ, ಎರಡು ಪಾಲು ಟರ್ಪೆಂಟೈನ್. ಕೊನೆಯ ಪದರಕ್ಕೆ ಸಮ ಪಾಲು. ಅದೂ ಬಣ್ಣದ ಐದನೆಯ ಒಂದು ಭಾಗಕ್ಕಿಂತ ಹೆಚ್ಚಿಲ್ಲದಂತೆ, ಬಾಟಲಿಯ ಮುಚ್ಚಳದಲ್ಲಿ ಅಳೆದು. ಟ್ಯೂಬಿನ ಬಣ್ಣದಲ್ಲಿ ಬೇಕಾದಷ್ಟು ಎಣ್ಣೆ ಮೊದಲೇ ಇರುತ್ತದೆ. ಮೀಡಿಯಂ ಹಾಕುವುದು ಬಣ್ಣ ಸರಾಗವಾಗಿ ಹರಿಯಲಿ ಎಂದು ಮಾತ್ರ, ಹಾಕಲೇಬೇಕೆಂಬ ನಿಯಮವಿಲ್ಲ. ಐವರಿ ಬ್ಲ್ಯಾಕ್ ಕೈಬಿಟ್ಟು ಅಂಬರ್ ಮತ್ತು ಅಲ್ಟ್ರಾಮರೀನ್ ನೀಲಿ ಬೆರೆಸಿ ನೀರಿನ ಕಪ್ಪನ್ನು ಪಡೆದಳು. ಈ ಕಪ್ಪು ಬೇಗ ಒಣಗಿತು, ನೋಡಲು ಮೊದಲಿಗಿಂತ ಆಳವಾಗಿಯೂ ಇದೆ. ಬ್ರಷ್ಷನ್ನು ಈಗ ಬಟ್ಟೆಯಲ್ಲಿ ಒರೆಸಿ, ಕುಸುಬೆ ಎಣ್ಣೆಯಲ್ಲಿ ತೊಳೆದು, ಆಮೇಲೆ ನೊರೆ ಬಿಳಿಯಾಗುವವರೆಗೆ ಸೋಪಿನಲ್ಲಿ ಉಜ್ಜುತ್ತಾಳೆ. ಕುಸುಬೆಗೆ ವಾಸನೆಯಿಲ್ಲ, ಅಪ್ಪನಿಗೆ ಕೆಮ್ಮೂ ಬರುವುದಿಲ್ಲ.

ಜನವರಿಯ ಕೊನೆಗೆ ಚಿತ್ರ ಮುಟ್ಟಿದರೆ ಒಣಗಿತ್ತು. ವಾರ್ನಿಷ್‌ಗೆ ಕನಿಷ್ಠ ಆರು ತಿಂಗಳು ಕಾಯಬೇಕು, ಲೆಕ್ಕ ಹಾಕಿದರೆ ಅದು ನಡು ಮಳೆಗಾಲಕ್ಕೆ ಬೀಳುತ್ತದೆ. ತೇವದಲ್ಲಿ ಹಚ್ಚಿದ ವಾರ್ನಿಷ್ ಮಂಜು ಕವಿದಂತೆ ಬೆಳ್ಳಗಾಗುವುದರಿಂದ ಬರುವ ನವೆಂಬರಿನವರೆಗೆ ಹಾಗೇ ಇರಲಿ ಎಂದಿದ್ದೇನೆ. ಅವಳ ತಂದೆ ಅದನ್ನು ನಡುಮನೆಯಲ್ಲಿ, ಗೋಡೆಗೆ ತಾಗದಂತೆ ಹಿಂದೆ ಎರಡು ಮರದ ತುಂಡು ಕೊಟ್ಟು ನೇತುಹಾಕಿಕೊಂಡಿದ್ದಾರೆ.

ಸ್ಲೈಡುಗಳನ್ನು ನಾನು ಇಟ್ಟುಕೊಂಡಿದ್ದೇನೆ. ಅವಳ ಕೋಣೆಯಲ್ಲಿದ್ದ ಲವಂಗದ ಸ್ಲೈಡು ಡಿಸೆಂಬರಿನಲ್ಲಿ ಒಣಗಿ ಗಟ್ಟಿಯಾಯಿತು, ವಾಸನೆಯೂ ಹೋಗಿದೆ. ತೆಂಗಿನೆಣ್ಣೆಯ ಸ್ಲೈಡು ಫೆಬ್ರುವರಿಯಲ್ಲಿಯೂ ನನ್ನ ಹೆಬ್ಬೆರಳಿನ ಗೆರೆಗಳನ್ನು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಹಿಡಿದುಕೊಂಡಿತು.